ನಾಲ್ಕು ಬೆರಳು

ಕಣ್ಣಿಗೂ ಕಿವಿಗೂ ನಾಲ್ಕೇ ಬೆರಳು ಅನ್ನುತ್ತಿದ್ದಳು ಅಜ್ಜಿ.
ಕಂಡದ್ದು ನಿಜ, ಕೇಳಿದ್ದು ಸುಳ್ಳಿರಬಹುದು,
ನಡುವೆ ಅಷ್ಟು ಜಾಗ ಬಿಟ್ಟಿದ್ದಾನೆ ದೇವರು
ಯೋಚಿಸಲಿಕ್ಕೆ.
ನನಗೆ ಆ ಜಾಗ ಹೋಯಿತು.

ಮೆಲ್ಬರ್ನಿನ ಜುಲೈ ಚಳಿ, ನಸುಕು.
ಮಲಗಿದಲ್ಲಿಂದಲೇ ಗಡಿಯಾರದ ಕಡೆ ಕಣ್ಣು ಹೊರಳಿಸಿದೆ.
ಸರ್ರ್ ಅಂದಿತು,
ಸಿಮೆಂಟಿನ ನೆಲದ ಮೇಲೆ ಗೋಣಿ ಎಳೆದ ಹಾಗೆ.
ಎಡಕ್ಕೆ ಹೊರಳಿಸಿದೆ. ಸರ್ರ್.
ಪಕ್ಕದಲ್ಲಿ ಇವರ ಗೊರಕೆ ಎಲ್ಲೋ ದೂರದ್ದು,
ನನ್ನ ಕಣ್ಣುಗುಡ್ಡೆಯದು ಕಿವಿಯೊಳಗೇ.

ಹೇಳಿದರೆ ಯಾರು ನಂಬುತ್ತಾರೆ?

ಹನ್ನೊಂದು ವರ್ಷ ಟ್ರಾಮ್ ಓಡಿಸಿದವಳು ನಾನು.
ಜಲಜಾಕ್ಷಿ ಎಂಬುದು ಡಿಪೋದಲ್ಲಿ ಯಾರ ಬಾಯಿಗೂ ಹೊಂದದೆ
ಜಲ್ ಆಗಿ, ಜೆಲ್ ಆಗಿ, ಕೊನೆಗೆ ಜಿಲ್ ಆಗಿ ನಿಂತಿತ್ತು.
ಸಿಡ್ನಿ ರೋಡಿನಲ್ಲಿ ಅಡ್ಡ ಬಂದ ಸೈಕಲ್ಲಿಗೆ
ಗಂಟೆ ಒತ್ತುತ್ತೇನೆ, ಟಣ್,
ಇಡೀ ರಸ್ತೆ ಎದ್ದು ಬಲಕ್ಕೆ ವಾಲುತ್ತದೆ,
ಬೇಕರಿ, ಮದುವೆ ಗೌನುಗಳ ಅಂಗಡಿ, ದಾಟಲು ನಿಂತ ಮಕ್ಕಳು,
ಓರೆ ತಟ್ಟೆಯ ಅಂಚಿಗೆ ಹರಿಯುವ ಸಾರಿನಂತೆ.
ಗಂಟೆ ನಿಂತರೆ ರಸ್ತೆಯೂ ಸ್ವಸ್ಥಾನಕ್ಕೆ.
ಪುಣ್ಯಕ್ಕೆ ಹಳಿ ಇತ್ತು.
ಹಳಿಗೆ ನನ್ನ ಕಿವಿಯ ಹಂಗಿಲ್ಲ.

ನಾನೇ ಹೋಗಿ ಹೇಳಿದೆ. ಕೀಲಿ ಕೊಟ್ಟೆ.
ಸ್ಟಾವ್ರೋಸ್ ಕಾಫಿ, ಬಿಸ್ಕತ್ತು ತಂದಿಟ್ಟ.
ಬಿಸ್ಕತ್ತು ಕಡಿದೆ. ಆ ಗದ್ದಲದಲ್ಲಿ
ಅವನೇನೋ ಅಂದದ್ದು ಕೇಳಿಸಲಿಲ್ಲ.

ಆಮೇಲೆ ಡಾಕ್ಟರುಗಳು.
ಮೊದಲನೆಯವರು ಗುಗ್ಗೆ ಎಂದರು, ತೆಗೆದರು.
ಇನ್ನೊಬ್ಬರು ಮೈಗ್ರೇನ್. ಮತ್ತೊಬ್ಬಾಕೆ ನನ್ನ ವಯಸ್ಸು ನೋಡಿ
ಮುಟ್ಟು ನಿಲ್ಲುವ ಕಾಲ ಎಂದು ಭುಜ ತಟ್ಟಿದಳು.
ಕಣ್ಣಿನ ಸದ್ದಿನ ಮಾತೆತ್ತಿದ ದಿನ
ಬರೆಯುತ್ತಿದ್ದ ಪೆನ್ನು ನಿಂತಿತು.
ಮನೆಯಲ್ಲಿ ಎಲ್ಲ ಸರಿಯಿದೆಯಾ?

ಸರಿಯಿತ್ತು. ಮಿಕ್ಸಿ ಹಾಕುವುದು ಬಿಟ್ಟಿದ್ದೆವು, ಅಷ್ಟೆ.
ಇವರು ಗ್ಯಾರೇಜಿನ ಬಾಗಿಲು ಹಾಕಿಕೊಂಡು
ಕುಟ್ಟಾಣಿಯಲ್ಲಿ ಚಟ್ನಿ ಕುಟ್ಟುತ್ತಿದ್ದರು.
ಮಗಳು ಸೀನುವ ಮೊದಲು ಕೈ ಎತ್ತುತ್ತಿದ್ದಳು,
ನಾನು ಗೋಡೆ ಹಿಡಿಯುತ್ತಿದ್ದೆ.
ಫೋನಿನಲ್ಲಿ ಅತ್ತಿಗೆ: ದೃಷ್ಟಿಯೇ ಇರಬೇಕು, ಉಪ್ಪು ನಿವಾಳಿಸು.
ನಿವಾಳಿಸಿದೆ. ಬಾಣಲೆಯಲ್ಲಿ ಉಪ್ಪು ಚಟಪಟ ಎಂದದ್ದಕ್ಕೆ
ಅಡುಗೆಮನೆ ಎರಡು ಸುತ್ತು ಬಂತು.

ಐದನೆಯ ವರ್ಷ, ಫುಟ್ಸ್‌ಕ್ರೇ,
ಔಷಧಿ ಅಂಗಡಿಯ ಮೇಲಿನ ಕೋಣೆ.
ಲಿಯೆನ್ ಎಂಬ ಹುಡುಗಿ, ಕಿವಿ ಪರೀಕ್ಷಿಸುವವಳು,
ಎಲ್ಲ ಕೇಳಿಸಿಕೊಂಡು ಕಿವಿ ನೋಡಲಿಲ್ಲ,
ಕಾಲುಚೀಲ ತೆಗೀರಿ ಅಂದಳು.
ನೆಲಕ್ಕೆ ಮಂಡಿಯೂರಿದಳು. ಕಾಲು ಹಿಂದಕ್ಕೆಳೆದುಕೊಂಡೆ;
ಕಾಲು ಮುಟ್ಟುವವರಿಗೆ ಏನಾದರೂ ಹರಸಬೇಕು,
ಏನೂ ಹೊಳೆಯಲಿಲ್ಲ.
ಶ್ರುತಿಕವೆ, ಎಂಟನೇ ಕ್ಲಾಸಿನ ಲ್ಯಾಬಿನಲ್ಲಿ ಕಂಡದ್ದೇ,
ಅದನ್ನು ಬಡಿದು ನನ್ನ ಕಾಲ್ಗಂಟಿನ ಮೂಳೆಗೆ ಊರಿದಳು.

ಬಲಗಿವಿಯಲ್ಲಿ ಜೇನು ಎದ್ದಿತು.

ಎಲ್ಲಿ ಕೇಳುತ್ತಿದೆ?
ಬಾಯಿ ತೆರೆಯಲು ಹೆದರಿ ಬೆರಳಲ್ಲಿ ತೋರಿಸಿದೆ.
ಅವಳ ಕಣ್ಣು ಅಗಲವಾದದ್ದನ್ನು ಕಂಡೆ.
ಅವಳದು ಸದ್ದು ಮಾಡಲಿಲ್ಲ.

ಸ್ಕ್ಯಾನಿನಲ್ಲಿ ಸಿಕ್ಕಿತು.
ತೂಕ ಹಿಡಿಯುವ ಮೂರು ಕೊಳವೆಗಳಲ್ಲಿ
ಮೇಲಿನದರ ನೆತ್ತಿಗೆ ಮೂಳೆಯಿಲ್ಲ,
ಎಳ್ಳಿನಷ್ಟು ಜಾಗದಲ್ಲಿ.
ಎರಡೇ ಕಿಟಕಿಯ ಮನೆಗೆ ಯಾರೋ ಮೂರನೆಯದು ಇಟ್ಟಿದ್ದಾರೆ.
ಹೆಸರು ಉದ್ದ, ಚೀಟಿಯಲ್ಲಿ ಬರೆಸಿಕೊಂಡೆ.
ಸ್ಟೇಷನ್ನಿನ ಬೆಂಚಿನಲ್ಲಿ ಕೂತು ಗಟ್ಟಿಯಾಗಿ ಓದಿದೆ,
ಖಾಲಿ ತೊಟ್ಟಿಗೆ ಬಗ್ಗಿ ಕೂಗಿದಂತಾಯಿತು.
ನಗು ಬಂತು, ನಗು ವಾಲಿಸಿತು, ಕಂಬ ಹಿಡಿದು ನಕ್ಕೆ.
ಪಕ್ಕದ ಮುದುಕ ಚೀಲ ಎತ್ತಿಕೊಂಡು ಬೇರೆ ಬೆಂಚಿಗೆ ಹೋದ.

ಮುಚ್ಚಬಹುದಂತೆ, ಬುರುಡೆ ಬಿಚ್ಚಿ.
ಆ ಕಿವಿ ಪೂರಾ ಹೋಗಲೂಬಹುದಂತೆ.
ಕಾಗದ ಫ್ರಿಜ್ಜಿನ ಮೇಲಿದೆ, ಸಹಿ ಹಾಕಿಲ್ಲ.
ಇವರು ಕೇಳುವುದಿಲ್ಲ, ಆಗಾಗ ಅದರ ಧೂಳು ಒರೆಸುತ್ತಾರೆ.

ಈಗ ಟ್ರಾಮಿನಲ್ಲಿ ಹಿಂದಿನ ಸೀಟು ನನ್ನದು.
ಸ್ಟಾವ್ರೋಸನ ಪಾಳಿಯಾದರೆ, ನಾನು ಹತ್ತಿದ್ದು ಕನ್ನಡಿಯಲ್ಲಿ ಕಂಡರೆ,
ಅವನು ಗಂಟೆ ಮುಟ್ಟುವುದಿಲ್ಲ.
ಅಡ್ಡ ಬಂದವರಿಗೆ ಕಿಟಕಿ ಸರಿಸಿ ಗ್ರೀಕಿನಲ್ಲಿ ಬಯ್ಯುತ್ತಾನೆ,
ಮೆತ್ತಗೆ.
ಯಾರಪ್ಪಾ ಎಂದು ನಾನೂ ಅತ್ತ ನೋಡುತ್ತೇನೆ.
ಸರ್ರ್.